ಜಾಮಿಗೆ ಬಹುಮಾನ, ಚಿತ್ರಕ್ಕೆ ಸೊನ್ನೆ!



ಈ ಅಂಕಣಕ್ಕೆ ನೀವು ಬರೆಯುವ ಕಾಗದಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. “ಮದುವೆಗೆ ಮುಂಚೆ ಚಿತ್ರ ಬರೀತಿದ್ದೆ, ಆಮೇಲೆ ಬಿಟ್ಟುಹೋಯ್ತು.” “ಹೊಲಿಗೆ, ಕಸೂತಿ ಎಲ್ಲಾ ಬರ್ತಿತ್ತು, ಈಗ ಪೆಟ್ಟಿಗೆ ತಳದಲ್ಲಿದೆ.” “ನಲವತ್ತೈದು ಆಯ್ತು, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಅಂತ ಮನೆಯಲ್ಲಿ ನಗ್ತಾರೆ.” ಓದಿ ಓದಿ ನನಗೂ ಯೋಚನೆ ಹತ್ತಿತು. ಈ ಸಲ ನಿಮಗೆಲ್ಲ ಸೇರಿಸಿ ಒಂದೇ ಉತ್ತರ ಕೊಡೋಣವೆಂದು ಒಬ್ಬ ಅಜ್ಜಿಯ ಕಥೆ ತಂದಿದ್ದೇನೆ. ಅಡಿಗೆ ಮನೆ, ಹಸು, ಬೆಣ್ಣೆ, ಹೆರಿಗೆ, ಬಾಣಂತನ ಎಂದು ಜೀವಮಾನವೆಲ್ಲ ದುಡಿದ ಅಜ್ಜಿ. ಚಿತ್ರಕಲೆಯ ಪಾಠ ಒಂದು ದಿನವೂ ಕಲಿತವಳಲ್ಲ. ಎಪ್ಪತ್ತೈದು ದಾಟಿದ ಮೇಲೆ ಕುಂಚ ಹಿಡಿದು ಕೂತಳು. ಅವಳ ಚಿತ್ರ ಆಮೇಲೆ ಅವಳ ದೇಶದ ಅಂಚೆಚೀಟಿಯ ಮೇಲೂ ಬಂತು!

ಅಮೆರಿಕದ ಈ ಅಜ್ಜಿಯ ಹೆಸರು ಅನ್ನಾ ಮೇರಿ ರಾಬರ್ಟ್‌ಸನ್ ಮೋಸೆಸ್. ಲೋಕವೆಲ್ಲ ಕರೆದದ್ದು ‘ಗ್ರ್ಯಾಂಡ್‌ಮಾ ಮೋಸೆಸ್’ ಎಂದು. ನಮ್ಮ ಮಾತಿನಲ್ಲಿ ಮೋಸೆಸ್ ಅಜ್ಜಿ ಅನ್ನೋಣ.

ಹನ್ನೆರಡು ವರ್ಷಕ್ಕೆ ಮನೆಗೆಲಸ

ಹುಟ್ಟಿದ್ದು ೧೮೬೦ರ ಸೆಪ್ಟೆಂಬರ್ ೭ರಂದು, ನ್ಯೂಯಾರ್ಕ್ ರಾಜ್ಯದ ಗ್ರೀನ್‌ವಿಚ್ ಎಂಬ ಊರಿನ ರೈತರ ಮನೆಯಲ್ಲಿ. ನ್ಯೂಯಾರ್ಕ್ ಎಂದ ಕೂಡಲೆ ಮುಗಿಲು ಮುಟ್ಟುವ ಕಟ್ಟಡ ನೆನೆಸಿಕೊಳ್ಳಬೇಡಿ. ಅದು ಪಟ್ಟಣ. ಇದು ಅದೇ ಹೆಸರಿನ ರಾಜ್ಯದ ಹಳ್ಳಿಗಾಡು. ಗುಡ್ಡ, ಹೊಲ, ಹೊಳೆ, ಚಳಿಗಾಲ ಬಂದರೆ ಮೊಣಕಾಲುದ್ದ ಹಿಮ. ಹತ್ತು ಮಕ್ಕಳಲ್ಲಿ ಈಕೆ ಮೂರನೆಯವಳು. ತಂದೆಗೆ ಮಕ್ಕಳು ಚಿತ್ರ ಬರೆದರೆ ಖುಷಿ. ಬಿಳಿ ಕಾಗದ ಕೊಂಡು ತಂದು ಕೊಡುತ್ತಿದ್ದರು. ಬಣ್ಣಕ್ಕೆ ದುಡ್ಡೆಲ್ಲಿ? ದ್ರಾಕ್ಷಿ ರಸ, ನಿಂಬೆ ರಸ ಹಚ್ಚಿಯೇ ಈ ಹುಡುಗಿ ಚಿತ್ರ ತುಂಬುತ್ತಿದ್ದಳಂತೆ. ನಾವೂ ಬಸಳೆ ಹಣ್ಣು ಹಿಂಡಿ ಅಂಗೈಗೆ ಬಣ್ಣ ಮಾಡಿಕೊಂಡವರೇ ಅಲ್ಲವೆ?

ಹನ್ನೆರಡನೆಯ ವರ್ಷಕ್ಕೆ ಆಟ ಮುಗಿಯಿತು. ಹುಡುಗಿಯನ್ನು ಅನುಕೂಲಸ್ಥರ ಮನೆಗೆ ಕೆಲಸಕ್ಕೆ ಕಳಿಸಿದರು. ಅಡಿಗೆ, ಪಾತ್ರೆ, ಬಟ್ಟೆ, ಹೊಲಿಗೆ, ವಯಸ್ಸಾದವರ ಆರೈಕೆ. ಸುಮಾರು ಹದಿನೈದು ವರ್ಷ ಹೀಗೆ ಪರರ ಮನೆಯಲ್ಲೇ ಕಳೆಯಿತು. ಅಂಥ ಒಂದು ಮನೆಯವರು, ಗೋಡೆಯಲ್ಲಿದ್ದ ಅಚ್ಚಿನ ಚಿತ್ರಗಳನ್ನು ಹುಡುಗಿ ಆಸೆಯಿಂದ ನೋಡುವುದನ್ನು ಗಮನಿಸಿ, ಸೀಮೆಸುಣ್ಣ, ಮೇಣದ ಬಣ್ಣದ ಕಡ್ಡಿ ತಂದುಕೊಟ್ಟರಂತೆ. ಅವಳಿಗೆ ಸಿಕ್ಕ ‘ಕಲಾ ಶಿಕ್ಷಣ’ ಇಷ್ಟೇ.

ಅದೇ ಕೆಲಸದ ಮನೆಯಲ್ಲಿ ಹೊಲಗೆಲಸಕ್ಕಿದ್ದ ಥಾಮಸ್ ಮೋಸೆಸ್ ಎಂಬಾತನನ್ನು ೧೮೮೭ರಲ್ಲಿ ಮದುವೆಯಾದಳು. ಆಗ ಅವಳಿಗೆ ಇಪ್ಪತ್ತೇಳು. ಗಂಡಹೆಂಡತಿ ದಕ್ಷಿಣದ ಕಡೆ ಕೆಲಸ ಸಿಗುತ್ತದೆಂದು ರೈಲು ಹತ್ತಿದರು. ದಾರಿಯಲ್ಲಿ ವರ್ಜೀನಿಯ ರಾಜ್ಯದ ಸ್ಟಾಂಟನ್ ಎಂಬಲ್ಲಿ ತಂಗಿದ್ದಾಗ ಅಲ್ಲಿನವರು, “ಇಲ್ಲೇ ಒಂದು ಹೊಲ ಗೇಣಿಗಿದೆ, ಮುಂದೆ ಯಾಕೆ ಹೋಗ್ತೀರಿ?” ಎಂದು ಹಿಡಿದು ನಿಲ್ಲಿಸಿದರು. ನಿಂತವರು ಹದಿನೆಂಟು ವರ್ಷ ಅಲ್ಲೇ ನಿಂತರು.

ಸೋದರಿಯರೆ, ಇಲ್ಲಿ ಒಂದು ವಿಷಯ ಗಮನಿಸಿ. ಗಂಡನ ಸಂಪಾದನೆಯಲ್ಲಿ ಕೂತು ತಿನ್ನುವುದು ಈಕೆಗೆ ಸರಿಬರಲಿಲ್ಲ. ಖರ್ಚಿಗೆ ಅವನ ಮುಂದೆ ಕೈ ಚಾಚುವುದೂ ಬೇಡವಾಗಿತ್ತು. ತಾನು ಕೂಡಿಟ್ಟ ಹಣದಲ್ಲಿ ಹಸು ಕೊಂಡಳು, ಬೆಣ್ಣೆ ಕಡೆದು ಮಾರಿದಳು. ಆಮೇಲೆ ಆಲೂಗಡ್ಡೆ ಚಿಪ್ಸ್ ಕರಿದು ಮಾರಿದಳು. ಇದೆಲ್ಲ ಮನೆಗೆಲಸದ ನಡುವೆ, ಬಸುರಿ ಬಾಣಂತಿಯಾಗಿದ್ದುಕೊಂಡೇ. ಏಕೆಂದರೆ ಆ ತಾಯಿ ಹೆತ್ತದ್ದು ಹತ್ತು ಮಕ್ಕಳನ್ನು. ಉಳಿದದ್ದು ಐದು. ಮಿಕ್ಕ ಐದನ್ನು ಹಸುಗೂಸಿನಲ್ಲೇ ಮಣ್ಣಿಗೆ ಕೊಟ್ಟಳು. ಒಂದು ಸಾಲಿನಲ್ಲಿ ಬರೆದುಬಿಟ್ಟೆ. ಅದರ ಭಾರ ಎಷ್ಟೆಂದು ಹೆತ್ತವರಿಗೆ ನಾನು ಹೇಳಬೇಕಾಗಿಲ್ಲ.

ಸೂಜಿಯಿಂದ ಕುಂಚಕ್ಕೆ

೧೯೦೫ರಲ್ಲಿ ಸಂಸಾರ ಮತ್ತೆ ನ್ಯೂಯಾರ್ಕ್ ರಾಜ್ಯಕ್ಕೆ ಬಂದು ಈಗಲ್ ಬ್ರಿಜ್ ಎಂಬ ಹಳ್ಳಿಯಲ್ಲಿ ಹೊಲ ಮಾಡಿಕೊಂಡಿತು. ೧೯೧೮ರಲ್ಲಿ ಒಂದು ದಿನ ಹಜಾರದ ಗೋಡೆಗೆ ಬಣ್ಣದ ಕಾಗದ ಅಂಟಿಸುತ್ತಿದ್ದಾಗ ಕಾಗದ ಸಾಲದೆ ಹೋಯಿತು. ಬೆಂಕಿಗೂಡು ಮುಚ್ಚುವ ಹಲಗೆ ಬೋಳಾಗಿ ಉಳಿಯಿತು. ಪೇಟೆಗೆ ಓಡುವ ಬದಲು ಅದರ ಮೇಲೆ ಬಿಳಿ ಕಾಗದ ಅಂಟಿಸಿ, ಮನೆಯಲ್ಲಿದ್ದ ಬಣ್ಣದಲ್ಲೇ ಮರ, ಕೆರೆ ಬರೆದು ಮುಗಿಸಿಬಿಟ್ಟಳು. ಅವಳ ಮೊದಲ ದೊಡ್ಡ ಚಿತ್ರ ಅದೇ. ಇಲ್ಲದ್ದರಲ್ಲಿ ಇದ್ದದ್ದನ್ನು ಹೊಂದಿಸುವ ನಮ್ಮ ನಿಮ್ಮ ಬುದ್ಧಿಯೇ ನೋಡಿ!

೧೯೨೭ರಲ್ಲಿ ಗಂಡ ತೀರಿಹೋದ. ಹೊಲ ಮಗನ ಕೈಗೆ ಬಂತು. ೧೯೩೨ರಲ್ಲಿ ಬೆನಿಂಗ್ಟನ್ ಎಂಬಲ್ಲಿದ್ದ ಮಗಳಿಗೆ ಕ್ಷಯ. ತಾಯಿ ಶುಶ್ರೂಷೆಗೆ ಹೋದಳು. ಆ ಮಗಳೇ ಒಂದು ದಿನ ಉಣ್ಣೆ ದಾರದಲ್ಲಿ ಹೊಲಿದ ಚಿತ್ರವೊಂದನ್ನು ತೋರಿಸಿ, ಇಂಥದ್ದು ನಿನ್ನ ಕೈಲಾಗುತ್ತದೆಯೇ ಎಂದು ಕೆಣಕಿದಳು. ಆಗುತ್ತದೆ ಎಂದು ತಾಯಿ ಹೊಲಿದು ತೋರಿಸಿದಳು. ಒಂದಾದ ಮೇಲೆ ಒಂದು ಹೊಲಿಯುತ್ತಾ ಹೋದಳು. ಮಗಳು ಮಾತ್ರ ಉಳಿಯಲಿಲ್ಲ.

ಮುಂದೆ ಕೀಲುನೋವು ಬಂದು ಬೆರಳು ಮಡಿಸಲಾಗದೆ ಸೂಜಿ ಹಿಡಿಯುವುದೇ ಕಷ್ಟವಾಯಿತು. ಆಗ ತಂಗಿ ಸೆಲೆಸ್ಟಿಯಾ, “ಸೂಜಿ ಬಿಟ್ಟು ಬಣ್ಣ ಹಚ್ಚಬಾರದೆ? ಅದು ಸುಲಭ, ಬೇಗಲೂ ಆಗ್ತದೆ” ಎಂದು ಸಲಹೆ ಕೊಟ್ಟಳು. ಬಲಗೈ ನೋಯುವಾಗ ಎಡಗೈಯಲ್ಲಿ ಕುಂಚ ಹಿಡಿದಳು ಅಜ್ಜಿ. ವಯಸ್ಸು ಎಪ್ಪತ್ತಾರು ಎಪ್ಪತ್ತೇಳು. ನಮ್ಮಲ್ಲಾದರೆ ಜಪಮಾಲೆ ಹಿಡಿದು ಮೂಲೆಯಲ್ಲಿ ಕೂರುವ ವಯಸ್ಸು ಅಂತಾರೆ.

ಆ ಊರ ಸುತ್ತಿನ ಕೇಂಬ್ರಿಜ್ ಎಂಬಲ್ಲಿ ವರ್ಷವರ್ಷ ರೈತರ ಜಾತ್ರೆ ನಡೆಯುತ್ತಿತ್ತು. ಅಜ್ಜಿ ತಾನು ಮಾಡಿದ ಜಾಮ್, ಡಬ್ಬಿಗೆ ತುಂಬಿದ ಹಣ್ಣು, ಜೊತೆಗೆ ನಾಲ್ಕಾರು ಚಿತ್ರ ಇಟ್ಟಳು. ಏನಾಯಿತು ಗೊತ್ತೆ? ಹಣ್ಣಿಗೂ ಜಾಮಿಗೂ ಬಹುಮಾನ ಬಂತು. ಚಿತ್ರವನ್ನು ಯಾರೂ ಕೇಳಲಿಲ್ಲ. ಅಜ್ಜಿ ಚಿತ್ರ ಬಿಡಲಿಲ್ಲ, ಜಾಮನ್ನೂ ಬಿಡಲಿಲ್ಲ.

ಔಷಧಿ ಅಂಗಡಿಯ ಕಿಟಕಿ

ಹತ್ತಿರದ ಹೂಸಿಕ್ ಫಾಲ್ಸ್ ಊರಿನ ಔಷಧಿ ಅಂಗಡಿಯಲ್ಲಿ, ಹೆಂಗಸರು ಮನೆಯಲ್ಲಿ ಮಾಡಿದ ವಸ್ತುಗಳನ್ನು ಮಾರಾಟಕ್ಕೆ ಇಡುವ ವ್ಯವಸ್ಥೆ ಇತ್ತು. ನಮ್ಮ ಮಹಿಳಾ ಸಮಾಜದವರು ಹಪ್ಪಳ ಸಂಡಿಗೆ ಇಡುವ ಹಾಗೆ. ಅಜ್ಜಿಯ ಕೆಲವು ಚಿತ್ರ ಅಲ್ಲಿ ಕಿಟಕಿಯ ಗಾಜಿನ ಹಿಂದೆ ಬಹಳ ದಿನ ಕೂತಿದ್ದವು. ಬೆಲೆ ಮೂರು ಡಾಲರು, ಐದು ಡಾಲರು. ಚಿಕ್ಕದಕ್ಕೆ ಕಡಿಮೆ, ದೊಡ್ಡದಕ್ಕೆ ಹೆಚ್ಚು. ಸೀರೆಗೆ ಗಜದ ಲೆಕ್ಕ ಇದ್ದ ಹಾಗೆ!

೧೯೩೮ರಲ್ಲಿ ಲೂಯಿ ಕಾಲ್ಡರ್ ಎಂಬ ನ್ಯೂಯಾರ್ಕ್ ಪಟ್ಟಣದ ಎಂಜಿನಿಯರ್ ಆ ದಾರಿಯಲ್ಲಿ ಬಂದ. ಚಿತ್ರ ಕೂಡಿಡುವುದು ಅವನ ಹವ್ಯಾಸ. ಕಿಟಕಿಯಲ್ಲಿದ್ದವನ್ನೆಲ್ಲ ಕೊಂಡು, ವಿಳಾಸ ಕೇಳಿ ಅಜ್ಜಿಯ ಮನೆಗೇ ಹೋದ. ಅಜ್ಜಿ ಮನೆಯಲ್ಲಿರಲಿಲ್ಲ. ಸೊಸೆ ಬಂದ ಗಿರಾಕಿಯನ್ನು ಬಿಡಬಾರದೆಂದು, “ನಮ್ಮತ್ತೆ ಹತ್ತಿರ ಇನ್ನೂ ಹತ್ತು ಚಿತ್ರ ಇವೆ, ನಾಳೆ ಬನ್ನಿ” ಎಂದುಬಿಟ್ಟಳು. ರಾತ್ರಿ ಅಜ್ಜಿ ಹುಡುಕಿದರೆ ಸಿಕ್ಕಿದ್ದು ಒಂಬತ್ತು. ಸೊಸೆ ಕೊಟ್ಟ ಮಾತು ತಪ್ಪಬಾರದಲ್ಲ? ಒಂದು ದೊಡ್ಡ ಚಿತ್ರವನ್ನು ನಡುವೆ ಕತ್ತರಿಸಿ, ಎರಡಕ್ಕೂ ಚೌಕಟ್ಟು ಹಾಕಿ ಹತ್ತು ಮಾಡಿದಳು. ನೆಂಟರು ಹೆಚ್ಚಾದಾಗ ಹೋಳಿಗೆಯನ್ನು ಅರ್ಧ ಮಾಡಿ ಬಡಿಸುವ ಕೈ ಅದು.

ಕಾಲ್ಡರ್ ಆ ಚಿತ್ರಗಳನ್ನು ಹೊತ್ತು ಪಟ್ಟಣದ ಕಲಾ ಅಂಗಡಿಗಳನ್ನು ಸುತ್ತಿದ. ನೋಡಿದವರು ಚೆನ್ನಾಗಿದೆ ಎನ್ನುತ್ತಿದ್ದರು, ಬರೆದವಳ ವಯಸ್ಸು ಕೇಳಿ ಹಿಂದೆ ಸರಿಯುತ್ತಿದ್ದರು. ಹೆಸರು ಮಾಡಿಸಲು ದುಡ್ಡು ಸುರಿದು, ಅಷ್ಟರಲ್ಲಿ ಮುದುಕಿ ಕಣ್ಣು ಮುಚ್ಚಿದರೆ ನಷ್ಟವಲ್ಲವೆ ಎಂಬ ವ್ಯಾಪಾರದ ಲೆಕ್ಕ. ಆ ಲೆಕ್ಕ ಹಾಕಿದವರಿಗೆ ಉತ್ತರವಾಗಿ ಅಜ್ಜಿ ಇನ್ನೂ ಇಪ್ಪತ್ತಮೂರು ವರ್ಷ ಬದುಕಿದಳು, ಕೊನೆಯ ವರ್ಷದ ತನಕ ಬರೆದಳು.

೧೯೩೯ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದವರು, ಹೆಸರಿಲ್ಲದ ಚಿತ್ರಗಾರರ ಒಂದು ಪ್ರದರ್ಶನದಲ್ಲಿ ಅಜ್ಜಿಯ ಮೂರು ಚಿತ್ರ ಇಟ್ಟರು. ೧೯೪೦ರ ಅಕ್ಟೋಬರಿನಲ್ಲಿ ಆಟೊ ಕಾಲಿರ್ ಎಂಬಾತ ತನ್ನ ಕಲಾ ಅಂಗಡಿಯಲ್ಲಿ ಅಜ್ಜಿಯದೇ ಮೂವತ್ತನಾಲ್ಕು ಚಿತ್ರ ತೂಗುಹಾಕಿದ. ಈತ ನಾಜಿಗಳ ಕಾಟಕ್ಕೆ ವಿಯೆನ್ನಾ ಬಿಟ್ಟು ಓಡಿಬಂದ ಮನುಷ್ಯ. ಪ್ರದರ್ಶನಕ್ಕೆ ಇಟ್ಟ ಹೆಸರಿನ ಅರ್ಥ ‘ರೈತನ ಹೆಂಡತಿ ಬರೆದದ್ದು’ ಎಂದು. ಅಜ್ಜಿ ಅದನ್ನು ನೋಡಲು ಹೋಗಲಿಲ್ಲ. ಎಲ್ಲ ತಾನು ನೋಡಿದ ಚಿತ್ರಗಳೇ, ಮತ್ತೆ ನೋಡುವುದೇನಿದೆ ಎಂದಳಂತೆ!

ಮುಂದಿನ ತಿಂಗಳು ಅದೇ ಚಿತ್ರಗಳನ್ನು ಗಿಂಬೆಲ್ಸ್ ಎಂಬ ದೊಡ್ಡ ಮಳಿಗೆಯವರು ಹಬ್ಬದ ಪ್ರದರ್ಶನಕ್ಕೆ ಕರೆಸಿದರು. ಈ ಸಲ ಅಜ್ಜಿ ರೈಲು ಹತ್ತಿ ಬಂದಳು. ಕಪ್ಪು ಉಡುಪು, ತಲೆಗೆ ಪುಟ್ಟ ಟೋಪಿ. ಕಲೆಯ ಬಗ್ಗೆ ಉಪನ್ಯಾಸ ಕೇಳಲು ಸೇರಿದ್ದ ಪಟ್ಟಣದ ಹೆಂಗಸರ ಮುಂದೆ ನಿಂತು ಜಾಮ್ ಮಾಡುವುದು ಹೇಗೆ ಎಂದು ಹೇಳಿದಳು. ತಂದಿದ್ದ ಸೀಸೆಗಳನ್ನೂ ತೋರಿಸಿದಳು. ಪತ್ರಿಕೆಯವರು ಸೋತುಹೋದರು. ‘ಗ್ರ್ಯಾಂಡ್‌ಮಾ ಮೋಸೆಸ್’ ಎಂಬ ಹೆಸರು ಊರೂರಿಗೆ ಹೋಯಿತು.

ಅಜ್ಜಿ ಬರೆದದ್ದೇನು?

ತಾನು ಕಂಡದ್ದು, ತಾನು ಮಾಡಿದ್ದು. ಅಷ್ಟೇ. ಒಂದು ಹೆಸರಾದ ಚಿತ್ರ ಮೇಪಲ್ ಮರದ ರಸದಿಂದ ಸಕ್ಕರೆ ಮಾಡುವುದು. ಅಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಮೇಪಲ್ ಮರಕ್ಕೆ ತೂತು ಕೊರೆದು, ತೊಟ್ಟಿಕ್ಕುವ ರಸ ಹಿಡಿದು, ದೊಡ್ಡ ಕಡಾಯಿಯಲ್ಲಿ ಕುದಿಸುತ್ತಾರೆ. ಸುಮಾರು ನಲವತ್ತು ಪಾಲು ರಸ ಬತ್ತಿದರೆ ಒಂದು ಪಾಲು ಪಾಕ. ಬಿಸಿ ಪಾಕವನ್ನು ಹಿಮದ ಮೇಲೆ ಸುರಿದರೆ ಗಟ್ಟಿಯಾಗುತ್ತದೆ, ಮಕ್ಕಳು ಮುತ್ತಿಕೊಂಡು ತಿನ್ನುತ್ತಾರೆ. ನಮ್ಮ ಆಲೆಮನೆಯೇ ಅಲ್ಲವೆ? ಕಬ್ಬಿನ ಬದಲು ಮೇಪಲ್, ಬಿಸಿಲಿನ ಬದಲು ಹಿಮ. ೧೯೪೩ರಲ್ಲಿ ಬರೆದ ಅಂಥ ಒಂದು ಚಿತ್ರ ೨೦೦೬ರಲ್ಲಿ ಹರಾಜಿನಲ್ಲಿ ಹತ್ತು ಲಕ್ಷ ಡಾಲರಿಗೂ ಮೀರಿ ಹೋಯಿತು!

ಇನ್ನೊಂದು, ಸೇಬನ್ನು ದಿನವಿಡೀ ಮಗುಚಿ ಗಟ್ಟಿ ಮಾಡುವ ದೃಶ್ಯ. ಕರಾವಳಿಯ ಕಡೆ ಹಲಸಿನ ಹಣ್ಣಿಗೆ ಬೆಲ್ಲ ಹಾಕಿ ಬೆರಟಿ ಕಾಯಿಸುವವರಿಗೆ ಅದರ ಕೈನೋವು ಗೊತ್ತು. ಮತ್ತೊಂದರಲ್ಲಿ ನೆರೆಕರೆಯ ಹೆಂಗಸರೆಲ್ಲ ಸೇರಿ ಕೌದಿ ಹೊಲಿಯುತ್ತಾರೆ, ಪಕ್ಕದಲ್ಲೇ ಊಟದ ಮೇಜು ಸಿದ್ಧವಾಗುತ್ತಿದೆ. ಬಟ್ಟೆ ಒಗೆಯುವ ದಿನವೂ ಒಂದು ಚಿತ್ರ! ಯೋಚಿಸಿ, ನಾವು ದಿನಾ ಮಾಡಿ ಬೇಸತ್ತ ಕೆಲಸ. ಅದನ್ನು ಗೋಡೆಗೆ ತೂಗುಹಾಕುವಷ್ಟು ಚೆಂದ ಅಂತ ಯಾರು ನೋಡಿದ್ದರು? ದೊಡ್ಡ ಕಲಾವಿದರು ನಮ್ಮಂಥವರನ್ನು ಬರೆದರೆ ಕಿಟಕಿ ಬಳಿ ಕೂರಿಸಿ ಬರೆಯುತ್ತಾರೆ. ಈ ಅಜ್ಜಿ ಕೆಲಸವನ್ನೇ ಬರೆದಳು.

ಅವಳ ಕ್ರಮವನ್ನೂ ಹೇಳುತ್ತೇನೆ, ಬರೆಯುವ ಆಸೆಯಿದ್ದವರಿಗೆ ಉಪಯೋಗವಾದೀತು. ದುಬಾರಿ ಬಟ್ಟೆ ಅಲ್ಲ, ಒತ್ತು ಹಲಗೆ. ಅದಕ್ಕೆ ಮೂರು ಸಲ ಬಿಳಿ ಬಣ್ಣ ಬಳಿದು ಒಣಗಿಸುವುದು. ನಿಲುವು ಚೌಕಟ್ಟು ಗಿಕಟ್ಟು ಇಲ್ಲ, ಹಳೆಯ ಮೇಜಿನ ಮೇಲೆ ಮಟ್ಟಸವಾಗಿ ಮಲಗಿಸಿಟ್ಟು ಬರೆಯುವುದು. ಮೊದಲು ಆಕಾಶ, ಆಮೇಲೆ ಬೆಟ್ಟ, ಆಮೇಲೆ ನೆಲ, ಮನೆಗಳು, ಕೊನೆಗೆ ದನಕರು ಜನ. ಮೇಲಿನಿಂದ ಕೆಳಕ್ಕೆ. ಮೂರ್ನಾಲ್ಕು ಹಲಗೆ ಒಟ್ಟಿಗೆ ಇಟ್ಟುಕೊಂಡು ಎಲ್ಲದಕ್ಕೂ ಆಕಾಶ ಮುಗಿಸಿ ಆಮೇಲೆ ಬೆಟ್ಟಕ್ಕೆ ಇಳಿಯುತ್ತಿದ್ದಳು. ಹಬ್ಬದ ಹೋಳಿಗೆಗೆ ಮೊದಲು ಹೂರಣದ ಉಂಡೆಯೆಲ್ಲ ಕಟ್ಟಿಟ್ಟು ಆಮೇಲೆ ಲಟ್ಟಿಸಲು ಕೂರುವುದಿಲ್ಲವೆ, ಹಾಗೆ. ಜನ, ಮನೆ, ಕುದುರೆ ಹೇಗಿರಬೇಕೆಂದು ಪತ್ರಿಕೆಯ ತುಣುಕು ಕತ್ತರಿಸಿಟ್ಟುಕೊಂಡು ನೋಡುತ್ತಿದ್ದಳು. ಹಿಮ ಹೊಳೆಯಲೆಂದು ಮಿರುಗು ಪುಡಿ ಉದುರಿಸುತ್ತಿದ್ದಳು. ಕಲಾ ಪಂಡಿತರಿಗೆ ಇದು ಹಿಡಿಸುತ್ತಿರಲಿಲ್ಲ. ಹಿಮ ಬಿಸಿಲಿಗೆ ಮಿರುಗುವುದನ್ನು ಅಜ್ಜಿ ನೋಡಿದ್ದಳಲ್ಲ, ಅವಳು ಕೇಳಲಿಲ್ಲ.

ಪಂಡಿತರ ದೂರು ಇನ್ನೂ ಇತ್ತು. ಇದು ಶುಭಾಶಯ ಪತ್ರದ ಚಿತ್ರ, ಎಲ್ಲ ಸಿಹಿಸಿಹಿ, ದುಃಖವೇ ಇಲ್ಲ, ಟೆಲಿಫೋನ್ ಕಂಬ, ಟ್ರ್ಯಾಕ್ಟರು ಏನೂ ಇಲ್ಲ ಎಂದು. ಶುಭಾಶಯ ಪತ್ರವಂತೂ ನಿಜ. ೧೯೪೬ರಿಂದ ಅವಳ ಚಿತ್ರದ ಕ್ರಿಸ್‌ಮಸ್ ಕಾರ್ಡುಗಳು ಲಕ್ಷಗಟ್ಟಲೆ ಮಾರಾಟವಾದವು, ಪರದೆ ಬಟ್ಟೆ, ತಟ್ಟೆಗಳ ಮೇಲೂ ಬಂದವು. ಆದರೆ ದುಃಖವಿಲ್ಲ ಎಂಬ ಮಾತಿಗೆ ನನ್ನದೊಂದು ಪ್ರಶ್ನೆ. ಐದು ಕೂಸು, ಗಂಡ, ಬೆಳೆದ ಮಗಳು, ಇಷ್ಟನ್ನು ಕಳಕೊಂಡವಳಿಗೆ ದುಃಖ ಗೊತ್ತಿಲ್ಲ ಎಂದು ಯಾರು ಹೇಳಬಲ್ಲರು? ಗೊತ್ತಿದ್ದೂ ಅವಳು ಬರೆಯಲು ಆರಿಸಿಕೊಂಡದ್ದು ಸುಗ್ಗಿ, ಹಬ್ಬ, ಮಕ್ಕಳ ಓಡಾಟ. ಹಬ್ಬದ ದಿನ ಮನಸ್ಸು ಹೇಗೇ ಇರಲಿ, ಬಾಗಿಲಿಗೆ ರಂಗೋಲಿ ಹಾಕುವ ಹೆಂಗಸರಿಗೆ ಇದು ಅರ್ಥವಾಗುತ್ತದೆ. ಪಂಡಿತರಿಗೆ ಆಗದಿದ್ದರೆ ಬಿಡಿ.

‘ಅಜ್ಜಿ’ ಎಂಬ ಹೆಸರಿನ ಬಗ್ಗೆಯೂ ಒಂದು ಮಾತು. ಪ್ರೀತಿಯ ಹೆಸರು ನಿಜ. ಆದರೆ ಅದರಲ್ಲಿ, ಪಾಪ, ಮುದುಕಿ ಏನೋ ಗೀಚಿದ್ದಾಳೆ ಎಂಬ ಸಸಾರವೂ ಸ್ವಲ್ಪ ಇತ್ತು. ಸಾವಿರದ ಐನೂರಕ್ಕೂ ಮೀರಿ ಚಿತ್ರ ಬರೆದವಳು ಅವಳು. ಪ್ರತಿ ಚಿತ್ರದ ಹಿಂದೆ ಹೆಸರು, ತಾರೀಖು, ನಂಬರು ಬರೆದ ಚೀಟಿ ಅಂಟಿಸುತ್ತಿದ್ದಳು. ಇದು ಕಾಲಹರಣ ಮಾಡುವವರ ಲಕ್ಷಣವಲ್ಲ, ಕೆಲಸ ತಿಳಿದವರ ಲಕ್ಷಣ.

ಮುಂದಿನದೆಲ್ಲ ಮೆರವಣಿಗೆ. ೧೯೪೯ರಲ್ಲಿ ರಾಷ್ಟ್ರಾಧ್ಯಕ್ಷ ಟ್ರೂಮನ್ ಕೈಯಿಂದ ಪ್ರಶಸ್ತಿ. ಚಹಾಕ್ಕೆ ಕರೆದು ಅವರು ಅಜ್ಜಿಗಾಗಿ ಪಿಯಾನೋ ನುಡಿಸಿದರಂತೆ. ೧೯೫೨ರಲ್ಲಿ ಆತ್ಮಕಥೆ. ೧೯೫೩ರಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟ. ೧೯೬೦ರಲ್ಲಿ ನೂರು ತುಂಬಿದಾಗ ‘ಲೈಫ್’ ಪತ್ರಿಕೆಯ ಮುಖಪುಟ. ನ್ಯೂಯಾರ್ಕ್ ರಾಜ್ಯದ ಗವರ್ನರು ಅವಳ ಹುಟ್ಟುಹಬ್ಬವನ್ನು ಗ್ರ್ಯಾಂಡ್‌ಮಾ ಮೋಸೆಸ್ ದಿನ ಎಂದು ಸಾರಿದರು. ನೂರು ತುಂಬಿದ ಮೇಲೂ ಇಪ್ಪತ್ತೈದರಷ್ಟು ಚಿತ್ರ ಬರೆದಳು! ೧೯೬೧ರ ಡಿಸೆಂಬರ್ ೧೩ರಂದು ಹೂಸಿಕ್ ಫಾಲ್ಸಿನಲ್ಲಿ, ನೂರೊಂದನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದಳು. ಮೂರು ಡಾಲರಿನ ಚಿತ್ರಗಳು ಕೂತಿದ್ದ ಔಷಧಿ ಅಂಗಡಿಯ ಊರು ಅದೇ. ೧೯೬೯ರಲ್ಲಿ ಆರು ಸೆಂಟಿನ ಅಂಚೆಚೀಟಿಯ ಮೇಲೆ ಅವಳ ಚಿತ್ರ ಬಂತು. ಮಗಳ ಆರೈಕೆಗೆ ಹೋಗಿದ್ದ ಬೆನಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಅವಳು ಬರೆಯಲು ಬಳಸಿದ ಹಳೆಯ ಮೇಜು ಇದೆ. ಅದರ ಕಾಲುಗಳಿಗೂ ಚಿತ್ರ ಬರೆದು ತುಂಬಿದ್ದಾಳೆ!

ಇನ್ನು ನಮ್ಮ ಮಾತು

ಎಲ್ಲರಿಗೂ ಕಾಲ್ಡರ್ ಸಿಗುವುದಿಲ್ಲ, ಎಲ್ಲರ ಚಿತ್ರವೂ ಲಕ್ಷಕ್ಕೆ ಹೋಗುವುದಿಲ್ಲ. ಆ ಭ್ರಮೆ ಹುಟ್ಟಿಸಲು ನಾನು ಇದನ್ನು ಬರೆದಿಲ್ಲ. ಕಾಲ್ಡರ್ ಆ ದಾರಿಯಲ್ಲಿ ಬಾರದಿದ್ದರೂ ಅಜ್ಜಿ ಬರೆಯುತ್ತಿದ್ದಳು. ಬರೆಯುವುದಿಲ್ಲವಾದರೆ ಕೋಳಿ ಸಾಕುತ್ತಿದ್ದೆ ಎಂದು ಅವಳೇ ಹೇಳುತ್ತಿದ್ದಳು. ಸುಮ್ಮನೆ ಕೂರುವುದಂತೂ ಇಲ್ಲ.

ಆದರೆ ನಾಲ್ಕು ವಿಷಯ ಅವಳಿಂದ ಕಲಿಯಬಹುದು ಎಂದು ನನಗೆ ತೋರುತ್ತದೆ.

ಒಂದು, ಇದ್ದ ವಸ್ತುವಿನಲ್ಲೇ ಶುರು ಮಾಡಿ. ಒಳ್ಳೆಯ ಬಣ್ಣ, ಒಳ್ಳೆಯ ಕಾಗದ, ಒಳ್ಳೆಯ ಕಾಲ ಎಂದು ಕಾಯುತ್ತಾ ಕೂತರೆ ಬಣ್ಣ ಬರಬಹುದು, ಕಾಲ ಹೋಗಿರುತ್ತದೆ.

ಎರಡು, ಕೈ ಸೋತರೆ ಕೆಲಸ ಬದಲಿಸಿ, ಬಿಡಬೇಡಿ. ಸಣ್ಣ ಕಸೂತಿಗೆ ಕಣ್ಣು ಸಾಲದಿದ್ದರೆ ದಪ್ಪ ಉಣ್ಣೆ. ನೆಲದ ರಂಗೋಲಿಗೆ ಮಂಡಿ ಬಗ್ಗದಿದ್ದರೆ ಹಲಗೆಯ ಮೇಲೆ.

ಮೂರು, ಮಾಡಿದ್ದಕ್ಕೆ ಹೆಸರು, ತಾರೀಖು ಬರೆದಿಡಿ. ನಮ್ಮ ಅಜ್ಜಿಯಂದಿರ ಕೌದಿ, ಕಸೂತಿ, ಹಸೆ ಚಿತ್ರ ಎಷ್ಟೋ ಇವೆ. ಯಾರ ಕೈಯದು ಎಂದು ಕೇಳಿದರೆ ಹೇಳುವವರಿಲ್ಲ. ನಿಮ್ಮದು ಹಾಗಾಗಬಾರದು.

ನಾಲ್ಕು, ಕೇಳಿದವರಿಗೆ ಬೆಲೆ ಹೇಳಲು ನಾಚಬೇಡಿ. “ಏನೋ ಸುಮ್ನೆ ಮಾಡಿದ್ದು, ತಗೊಂಡು ಹೋಗಿ” ಎಂದು ಕೊಡುವುದು ನಮ್ಮ ಹೆಂಗಸರ ಅಭ್ಯಾಸ. ಅಜ್ಜಿ ಮೂರು ಡಾಲರೇ ಇಟ್ಟಳು ನಿಜ, ಆದರೆ ಇಟ್ಟಳು. ಬಿಟ್ಟಿ ಕೊಡಲಿಲ್ಲ. ಬೆಣ್ಣೆ ಮಾರಿ ಕಲಿತ ಬುದ್ಧಿ ಅದು.

ಮನೆಯವರು ನಗುತ್ತಾರೆ ಎಂದು ಬರೆದ ಸೋದರಿಗೆ ಒಂದು ಮಾತು: ನಗಲಿ ಬಿಡಿ. ನಗುವವರಿಗೆ ಹೊತ್ತುಹೊತ್ತಿಗೆ ಕಾಫಿ ತಿಂಡಿ ಕೊಟ್ಟು, ಮಧ್ಯಾಹ್ನದ ಒಂದು ಗಂಟೆ ನಿಮ್ಮದೆಂದು ಇಟ್ಟುಕೊಳ್ಳಿ. ಆ ಗಂಟೆಯಲ್ಲಿ ಏನು ಮಾಡಿದಿರಿ ಎಂದು ನನಗೊಂದು ಕಾಗದ ಬರೆಯಿರಿ. ಚಿತ್ರವಾದರೆ ಹಿಂದೆ ಹೆಸರು, ತಾರೀಖು ಮರೆಯಬೇಡಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.